ಮಿಸೆಸ್ ಮೂರ್ ಆಗುವ ಮುನ್ನ

ನಾನು ಹುಡುಗನಾಗಿದ್ದಾಗ ನಮ್ಮೂರಿನ ಸಂತೆಮಾಳದಲ್ಲಿ ಒಂದು ನಾಟಕ ಕಂಪನಿ ಎರಡು ತಿಂಗಳು ಬೀಡುಬಿಟ್ಟಿತ್ತು. ‘ಹರಿಶ್ಚಂದ್ರ’ ನಾಟಕದಲ್ಲಿ ಚಂದ್ರಮತಿಯ ಪಾತ್ರ ವಹಿಸುತ್ತಿದ್ದ ನಟಿಗೆ ಆ ವೇಳೆಗೆ ವಯಸ್ಸಾಗಿತ್ತು, ಧ್ವನಿಯೂ ಒಡೆದಿತ್ತು. ಆದರೂ ಮಗನ ಶವವನ್ನು ಮಡಿಲಿನಲ್ಲಿಟ್ಟುಕೊಂಡು ಕುಳಿತಾಗ, ಮಸಣದ ಕಾವಲುಗಾರ ತೆರಿಗೆ ಕೇಳಿದೊಡನೆ, ಆಕೆ ಏನೂ ಹೇಳದೆ ತನ್ನ ಸೆರಗಿನ ತುದಿಯನ್ನು ಒಮ್ಮೆ ನೋಡಿಕೊಂಡ ರೀತಿ ಇಂದಿಗೂ ನನ್ನ ಕಣ್ಣಮುಂದೆ ಇದೆ. ಆ ನಟಿಯ ಹೆಸರು ನನಗೆ ನೆನಪಿಲ್ಲ. ಆಕೆಯ ಒಂದು ಛಾಯಾಚಿತ್ರವನ್ನೂ ನಾನು ಎಲ್ಲಿಯೂ ಕಂಡಿಲ್ಲ. ಅಂದು ಆ ಡೇರೆಯಲ್ಲಿ ಕುಳಿತಿದ್ದವರಲ್ಲಿ ಇನ್ನೂ ಬದುಕಿರುವ ಕೆಲವರ ನೆನಪಿನಲ್ಲಿ ಮಾತ್ರ ಆ ಚಂದ್ರಮತಿ ಉಳಿದಿದ್ದಾಳೆ. ನಾವು ತೀರಿಕೊಂಡ ದಿನ ಅವಳೂ ತೀರಿಕೊಳ್ಳುತ್ತಾಳೆ.

ಕವಿ ಸತ್ತರೆ ಕಾವ್ಯ ಉಳಿಯುತ್ತದೆ. ಶಿಲ್ಪಿ ಸತ್ತರೆ ಕಲ್ಲು ಉಳಿಯುತ್ತದೆ. ರಂಗದ ಮೇಲೆ ಬಾಳಿದ ನಟಿ ಹೋದರೆ ಉಳಿಯುವುದೇನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂದು ತಮ್ಮೊಡನೆ ಇಂಗ್ಲೆಂಡಿನ ನಟಿ ಡೇಮ್ ಪೆಗಿ ಆಶ್‌ಕ್ರಾಫ್ಟ್ ಅವರನ್ನು ಕುರಿತು ಕೆಲವು ಮಾತುಗಳನ್ನು ಹಂಚಿಕೊಳ್ಳಬೇಕೆಂದಿದ್ದೇನೆ. ೧೯೨೬ರಲ್ಲಿ ರಂಗವನ್ನೇರಿದ ಆಕೆ ೧೯೯೧ರಲ್ಲಿ ತೀರಿಕೊಳ್ಳುವವರೆಗೆ, ಎಂದರೆ ಸುಮಾರು ೬೫ ವರ್ಷಗಳ ಕಾಲ, ನಟಿಯಾಗಿಯೇ ಬಾಳಿದರು. ಆ ದೀರ್ಘ ಅವಧಿಯ ಬಹುಭಾಗ ರಂಗಭೂಮಿಗೆ ಮೀಸಲಾಗಿತ್ತು. ಜಗತ್ತಿನ ಬಹುಮಂದಿಗೆ ಆಕೆ ಪರಿಚಿತರಾದದ್ದು ಮಾತ್ರ ಎಪ್ಪತ್ತೈದು ದಾಟಿದ ಮೇಲೆ, ಒಂದು ಚಲನಚಿತ್ರದ ಮೂಲಕ.

ಆ ಚಿತ್ರಕ್ಕೂ ನಮ್ಮ ನಾಡಿಗೂ ನಂಟಿದೆ. ಇ. ಎಂ. ಫಾರ್ಸ್ಟರ್ ೧೯೨೪ರಲ್ಲಿ ಪ್ರಕಟಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಅನೇಕರು ತರಗತಿಯಲ್ಲಿ ಎದುರಿಸಿದ್ದಾರೆ. ಅದನ್ನು ಡೇವಿಡ್ ಲೀನ್ ಚಿತ್ರವಾಗಿಸಲು ಹೊರಟಾಗ ಆರಿಸಿಕೊಂಡದ್ದು ಬೆಂಗಳೂರನ್ನು. ಕಾದಂಬರಿಯ ಚಂದ್ರಾಪುರದ ಬೀದಿಗಳು ಬೆಂಗಳೂರಿನ ಅರಮನೆಯ ಮೈದಾನದಲ್ಲಿ ಎದ್ದುನಿಂತವು. ಫಾರ್ಸ್ಟರನ ಮನಸ್ಸಿನಲ್ಲಿದ್ದ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಗಯೆಯ ಹತ್ತಿರದ ಬರಾಬರ್ ಗುಹೆಗಳಾದರೂ, ತೆರೆಯ ಮೇಲೆ ನಾವು ಕಾಣುವುದು ಸಾವನದುರ್ಗದ, ರಾಮನಗರದ ರಾಮದೇವರ ಬೆಟ್ಟದ ಹೆಬ್ಬಂಡೆಗಳನ್ನು. ಆ ಬಂಡೆಗಳ ನಡುವೆ ಒಂದು ಗುಹೆಯನ್ನು ಹೊಕ್ಕು, ಒಳಗಿನ ಮಾರ್ದನಿಗೆ ಬೆದರಿ, ಉಸಿರು ಕಟ್ಟಿದವಳಂತೆ ಹೊರಬಂದು ಕುಳಿತುಬಿಡುವ ಮುದುಕಿಯೇ ಮಿಸೆಸ್ ಮೂರ್. ಆ ಪಾತ್ರ ವಹಿಸಿದವರೇ ಪೆಗಿ ಆಶ್‌ಕ್ರಾಫ್ಟ್.

ಚಿತ್ರವನ್ನು ಮೊದಲ ಸಲ ನೋಡಿದಾಗ ಆ ದೃಶ್ಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಕೆ ಎಷ್ಟು ಕಡಮೆ ಮಾಡುತ್ತಾರೆ ಎಂಬ ಸಂಗತಿ. ಕೂಗಾಟವಿಲ್ಲ, ಮುಖದ ವಿಕಾರವಿಲ್ಲ. ಕುರ್ಚಿಯಲ್ಲಿ ಕುಳಿತ ದೇಹದಿಂದ ಏನೋ ಒಂದು ಹೊರಟುಹೋಯಿತೆಂಬುದು ಮಾತ್ರ ತಿಳಿಯುತ್ತದೆ. ಇಷ್ಟು ಕಡಮೆಯಿಂದ ಇಷ್ಟನ್ನು ತಿಳಿಸುವ ಶಕ್ತಿ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ, ಮಿಸೆಸ್ ಮೂರ್ ಆಗುವ ಮುನ್ನ ಆಕೆ ಏನೇನಾಗಿದ್ದರು ಎಂಬ ಕಥೆ ನನ್ನೆದುರು ತೆರೆದುಕೊಂಡಿತು.

ಆಕೆ ಹುಟ್ಟಿದ್ದು ಲಂಡನ್ನಿನ ಮಗ್ಗುಲಿನ ಕ್ರಾಯ್ಡನ್‌ನಲ್ಲಿ, ೧೯೦೭ರ ಡಿಸೆಂಬರ್ ೨೨ರಂದು. ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದರು. ತಾಯಿಗೆ ಹವ್ಯಾಸಿ ನಾಟಕಗಳ ಒಲವಿತ್ತು. ಹದಿನಾರರ ವಯಸ್ಸಿನಲ್ಲಿ ಹುಡುಗಿ ಎಲ್ಸಿ ಫೋಗರ್ಟಿ ಎಂಬ ಶಿಕ್ಷಕಿ ನಡೆಸುತ್ತಿದ್ದ ಅಭಿನಯ ಶಾಲೆಯನ್ನು ಸೇರಿದಳು. ಅಲ್ಲಿ ಇಂಪಾದ ಉಚ್ಚಾರಣೆಗೆ, ಮಧುರ ಧ್ವನಿಗೆ ಎಲ್ಲಿಲ್ಲದ ಪ್ರಾಧಾನ್ಯ. ಚೆಂದವಾಗಿ ನುಡಿದರೆ ಸಾಕೇ ಎಂಬ ಅತೃಪ್ತಿ ಆಕೆಯನ್ನು ಆಗಲೇ ಕಾಡಿತು. ರಷ್ಯದ ಸ್ತಾನಿಸ್ಲಾವ್‌ಸ್ಕಿ ತನ್ನ ಕಲಾಜೀವನವನ್ನು ಕುರಿತು ಬರೆದ ಗ್ರಂಥ ಕೈಗೆ ಸಿಕ್ಕಿ, ನಟನೆಯೆಂದರೆ ಒಬ್ಬರ ಮೆರೆದಾಟವಾಗದೆ ಒಂದು ತಂಡದ ಸಹಬಾಳ್ವೆಯಾಗಬೇಕೆಂಬ ವಿಚಾರ ಮನಸ್ಸಿನಲ್ಲಿ ಬೇರೂರಿತು. ಅದೇ ಶಾಲೆಯಲ್ಲಿ ಲಾರೆನ್ಸ್ ಒಲಿವಿಯರ್ ಆಕೆಯ ಸಹಪಾಠಿ. ೧೯೨೬ರಲ್ಲಿ, ಇನ್ನೂ ವಿದ್ಯಾರ್ಥಿನಿಯಾಗಿರುವಾಗಲೇ, ಬರ್ಮಿಂಗ್‌ಹ್ಯಾಮ್‌ನ ನಾಟಕಶಾಲೆಯಲ್ಲಿ ಜೆ. ಎಂ. ಬ್ಯಾರಿಯ ‘ಡಿಯರ್ ಬ್ರೂಟಸ್’ ನಾಟಕದ ಮೂಲಕ ಆಕೆ ವೃತ್ತಿರಂಗಕ್ಕೆ ಕಾಲಿಟ್ಟರು.

ನಾಲ್ಕು ವರ್ಷಗಳ ತರುವಾಯ ಒದಗಿದ ಒಂದು ಪಾತ್ರ ಆಕೆಯ ಕಲೆಯನ್ನಷ್ಟೇ ಅಲ್ಲದೆ ಬಾಳಿನ ದೃಷ್ಟಿಯನ್ನೂ ರೂಪಿಸಿತು. ನಮ್ಮ ಹಿರಿಯರು ಬಸವಪ್ಪ ಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ಯ ಮೂಲಕ ಬಲ್ಲ ‘ಒಥೆಲೊ’ ನಾಟಕ ೧೯೩೦ರಲ್ಲಿ ಲಂಡನ್ನಿನ ಸಾವಾಯ್ ಥಿಯೇಟರಿನಲ್ಲಿ ಪ್ರದರ್ಶಿತವಾಯಿತು. ಒಥೆಲೊ ಆಗಿದ್ದವನು ಅಮೆರಿಕದ ಕಪ್ಪು ಜನಾಂಗದ ಮಹಾಗಾಯಕ, ನಟ ಪಾಲ್ ರೋಬ್ಸನ್. ಡೆಸ್ಡಿಮೋನಾ, ೨೨ರ ಹರೆಯದ ಪೆಗಿ. ಬಿಳಿಯ ಹೆಣ್ಣೊಬ್ಬಳು ರಂಗದ ಮೇಲೆ ಕಪ್ಪು ಪುರುಷನ ಪತ್ನಿಯಾಗಿ ನಿಲ್ಲುವುದನ್ನು ಸಹಿಸದವರಿಂದ ಆಕೆಗೆ ನಿಂದನೆಯ ಪತ್ರಗಳು ಬಂದವು. ರೋಬ್ಸನ್ನನಿಗೆ ರಂಗಮಂದಿರದಲ್ಲಿ ಚಪ್ಪಾಳೆ ದೊರೆಯುತ್ತಿತ್ತು. ಅದೇ ಹೆಸರಿನ, ಪಕ್ಕದಲ್ಲೇ ಇದ್ದ ಹೋಟೆಲಿನಲ್ಲಿ ಅವನಿಗೆ ಸ್ವಾಗತವಿರಲಿಲ್ಲ. ರಾಜಕೀಯವನ್ನು ಕುರಿತು ಹಿಂದೆ ಹೆಚ್ಚು ಯೋಚಿಸಿರದ ಆ ಯುವತಿಗೆ ಇದು ಕಣ್ಣು ತೆರೆಸಿದ ಅನುಭವ. ಮುಂದೆ ಜೀವನಪರ್ಯಂತ ಆಕೆ ಅನ್ಯಾಯದ ವಿರುದ್ಧದ ಮನವಿಗಳಿಗೆ ಸಹಿ ಹಾಕುವವರ ಸಾಲಿನಲ್ಲಿದ್ದರು. ತಮ್ಮವರ ಕ್ಲಬ್ಬಿನ ಬಿಂಕವನ್ನು ಸಹಿಸಲಾರದ ಮಿಸೆಸ್ ಮೂರಳನ್ನು ಆಕೆ ಅಷ್ಟು ಸಹಜವಾಗಿ ಒಳಗುಮಾಡಿಕೊಂಡದ್ದಕ್ಕೆ ಐವತ್ತು ವರ್ಷಗಳ ಹಿಂದಿನ ಈ ಗಾಯವೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

೧೯೩೫ರಲ್ಲಿ ಲಂಡನ್ನಿನ ನ್ಯೂ ಥಿಯೇಟರಿನಲ್ಲಿ ನಡೆದ ‘ರೋಮಿಯೊ ಅಂಡ್ ಜೂಲಿಯೆಟ್’ ಇಂಗ್ಲಿಷ್ ರಂಗಭೂಮಿಯ ಇತಿಹಾಸದಲ್ಲಿ ಇಂದಿಗೂ ನೆನೆಯುವ ಪ್ರಯೋಗ. ನಮ್ಮ ವೃತ್ತಿರಂಗದ ‘ರಾಮವರ್ಮ ಲೀಲಾವತಿ’ಯ ಮೂಲ ಇದೇ ನಾಟಕ. ನಿರ್ದೇಶಕ ಜಾನ್ ಗೀಲ್‌ಗುಡ್. ಮೊದಲು ಒಲಿವಿಯರ್ ರೋಮಿಯೊ, ಗೀಲ್‌ಗುಡ್ ಮರ್ಕ್ಯೂಶಿಯೊ. ಕೆಲವು ವಾರಗಳ ಮೇಲೆ ಇಬ್ಬರೂ ಪಾತ್ರಗಳನ್ನು ಅದಲುಬದಲು ಮಾಡಿಕೊಂಡರು. ಒಬ್ಬನದು ಆವೇಗ, ಇನ್ನೊಬ್ಬನದು ಕಾವ್ಯದ ನಾದ. ಇಬ್ಬರ ನಡುವೆ ಬದಲಾಗದೆ ಉಳಿದ ಜೂಲಿಯೆಟ್ ಪೆಗಿ. ಎರಡು ಬಗೆಯ ರೋಮಿಯೊಗಳಿಗೆ ಒಬ್ಬಳೇ ಜೂಲಿಯೆಟ್ ಆಗಬೇಕಾದರೆ ನಟಿ ತನ್ನ ಮಾತನ್ನು ಒಪ್ಪಿಸಿದರಷ್ಟೇ ಸಾಲದು. ಎದುರಿನವನು ಇಂದು ಹೇಗೆ ನುಡಿದನೆಂಬುದನ್ನು ಕಿವಿಗೊಟ್ಟು ಕೇಳಬೇಕು. ಕೇಳುವುದೂ ಅಭಿನಯವೇ. ಆಕೆಯ ಕಲೆಯ ಬೀಜಮಂತ್ರ ಇದೆಂದು ನನಗೆ ತೋರುತ್ತದೆ. ಅಂದ ಹಾಗೆ, ಆ ನಾಟಕದಲ್ಲಿ ರೋಮಿಯೊಗೆ ವಿಷ ಮಾರುವ ಬಡ ಔಷಧಗಾರನ ಚಿಕ್ಕ ಪಾತ್ರವನ್ನು ಮಾಡಿದ ತರುಣನ ಹೆಸರು ಅಲೆಕ್ ಗಿನ್ನೆಸ್. ಈ ಹೆಸರನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಅಲ್ಲಿಂದ ಮುಂದೆ ಆಕೆ ಚೆಹಾವನ ‘ಸೀಗಲ್’ ನಾಟಕದ ನೀನಾ ಆದರು, ‘ತ್ರೀ ಸಿಸ್ಟರ್ಸ್’ನ ಕಿರಿಯ ಸೋದರಿ ಐರೀನಾ ಆದರು. ೧೯೩೮ರ ‘ತ್ರೀ ಸಿಸ್ಟರ್ಸ್’ ಪ್ರಯೋಗಕ್ಕೆ ಫ್ರಾನ್ಸಿನ ನಿರ್ದೇಶಕ ಮಿಶೆಲ್ ಸ್ಯಾಂ ದನಿ ಅಂದಿನ ಲಂಡನ್ನಿನಲ್ಲಿ ರೂಢಿಯಿಲ್ಲದಷ್ಟು ದೀರ್ಘವಾದ ತಾಲೀಮು ನಡೆಸಿದರು. ಹಲವು ವರ್ಷಗಳಿಂದ ಆಕೆ ಕನಸು ಕಾಣುತ್ತಿದ್ದ ಸಹಬಾಳ್ವೆಯ ರಂಗಭೂಮಿ ಅಲ್ಲಿ ಒಂದಿಷ್ಟು ಕೈಗೂಡಿತು.

ಯುದ್ಧಾನಂತರದ ಎರಡು ಪಾತ್ರಗಳನ್ನು ಇಲ್ಲಿ ಹೆಸರಿಸಲೇಬೇಕು. ೧೯೪೯ರಲ್ಲಿ, ಹೆನ್ರಿ ಜೇಮ್ಸ್‌ನ ಕಾದಂಬರಿಯಿಂದ ಹುಟ್ಟಿದ ‘ದಿ ಹೇರೆಸ್’ ನಾಟಕದ ಕ್ಯಾಥರೀನ್: ಚೆಲುವಿಲ್ಲದ, ಮಾತು ಬಾರದ, ತಂದೆಯ ತಿರಸ್ಕಾರದ ನೆರಳಿನಲ್ಲಿ ಬೆಳೆದ ಶ್ರೀಮಂತ ವೈದ್ಯನ ಮಗಳು. ಹಣದಾಸೆಯಿಂದ ಪ್ರೀತಿಸಿ, ಕೈಕೊಟ್ಟು ಹೋದ ಪ್ರಣಯಿ ಹಲವು ವರ್ಷಗಳ ಮೇಲೆ ಮರಳಿ ಬಂದು ಬಾಗಿಲು ತಟ್ಟುತ್ತಾನೆ. ಅವಳು ಅಗುಳಿ ಹಾಕಿ, ದೀಪ ಹಿಡಿದು, ಮೌನವಾಗಿ ಮಹಡಿಯ ಮೆಟ್ಟಿಲೇರುತ್ತಾಳೆ. ಎರಡನೆಯದು ೧೯೫೨ರಲ್ಲಿ, ಟೆರೆನ್ಸ್ ರ‍್ಯಾಟಿಗನ್ ಬರೆದ ‘ದಿ ಡೀಪ್ ಬ್ಲೂ ಸೀ’ ನಾಟಕದ ಹೆಸ್ಟರ್: ನ್ಯಾಯಾಧೀಶನಾದ ಗಂಡನನ್ನು ಬಿಟ್ಟು ಕಿರಿಯ ವಿಮಾನಚಾಲಕನೊಡನೆ ಬಂದು, ಅವನ ಒಲವೂ ಸಾಲದೆ ಹೋದಾಗ ಸಾಯಲೆತ್ನಿಸಿ, ಕೊನೆಗೆ ಬದುಕಲು ನಿರ್ಧರಿಸುವ ಹೆಂಗಸು.

ಇಲ್ಲಿ ಒಂದು ಸಂಗತಿಯನ್ನು ತಾವು ಗಮನಿಸಬೇಕು. ಈ ಎರಡೂ ನಾಟಕಗಳು ಚಲನಚಿತ್ರಗಳಾದವು. ಕ್ಯಾಥರೀನಳ ಪಾತ್ರ ವಹಿಸಿ ಆಸ್ಕರ್ ಪಡೆದವರು ಒಲಿವಿಯಾ ಡಿ ಹ್ಯಾವಿಲೆಂಡ್. ಹೆಸ್ಟರಳಾಗಿ ೧೯೫೫ರಲ್ಲಿ ತೆರೆಯ ಮೇಲೆ ಬಂದವರು ವಿವಿಯನ್ ಲೀ. ನಾಟಕದಲ್ಲಿ ಪೆಗಿಯ ತಂದೆಯಾಗಿದ್ದ ರಾಲ್ಫ್ ರಿಚರ್ಡ್‌ಸನ್‌ಗೂ, ಪ್ರಿಯಕರನಾಗಿದ್ದ ಕೆನೆತ್ ಮೋರ್‌ಗೂ ಚಿತ್ರದಲ್ಲಿ ಅದೇ ಪಾತ್ರ ಸಿಕ್ಕಿತು. ಚಿತ್ರರಂಗ ಬಿಟ್ಟುಬಿಟ್ಟದ್ದು ಪೆಗಿಯನ್ನು ಮಾತ್ರ. ಆಕೆ ಅದಕ್ಕಾಗಿ ಕೊರಗಿದಂತೆ ಕಾಣುವುದಿಲ್ಲ, ಕೊರಗಬೇಕಾದವರು ನಾವು. ಇಂದು ಅವೆರಡು ಪಾತ್ರಗಳನ್ನು ನೋಡಬಯಸುವವರಿಗೆ ಬೇರೆಯವರ ಮುಖವೇ ಗತಿ.

ಹಾಗೆಂದು ಯೌವನದ ಪೆಗಿ ತೆರೆಯ ಮೇಲೆ ಇಲ್ಲವೇ ಇಲ್ಲವೆಂದಲ್ಲ. ೧೯೩೫ರಲ್ಲಿ, ಜೂಲಿಯೆಟ್ ಆದ ವರ್ಷವೇ, ಆಲ್‌ಫ್ರೆಡ್ ಹಿಚ್‌ಕಾಕ್‌ನ ‘ದಿ ಥರ್ಟಿ ನೈನ್ ಸ್ಟೆಪ್ಸ್’ ಚಿತ್ರದಲ್ಲಿ ಆಕೆ ಒಂದು ಚಿಕ್ಕ ಪಾತ್ರ ಮಾಡಿದರು. ಪೊಲೀಸರಿಂದ ತಪ್ಪಿಸಿಕೊಂಡ ನಾಯಕ ಸ್ಕಾಟ್ಲೆಂಡಿನ ಬೆಟ್ಟದ ನಡುವಿನ ಒಂದು ಒಂಟಿ ಮನೆಯಲ್ಲಿ ರಾತ್ರಿ ತಂಗುತ್ತಾನೆ. ಮನೆಯ ಯಜಮಾನ ಜಪತಪದ ಜುಗ್ಗ, ಸಂಶಯಪಿಶಾಚಿ. ಅವನ ಎಳೆಯ ಹೆಂಡತಿ ಪೆಗಿ. ಅವಳು ಪಟ್ಟಣದಿಂದ ಬಂದವಳು; ಅತಿಥಿಯನ್ನು ಪಟ್ಟಣದ ಬದುಕಿನ ಸುದ್ದಿ ಕೇಳುತ್ತಾಳೆ. ಕೇಳುವಾಗ ಕ್ಷಣಕಾಲ ಅವಳ ಮುಖ ಬೆಳಗುತ್ತದೆ. ಗಂಡನ ಹೆಜ್ಜೆ ಸಪ್ಪಳಕ್ಕೆ ಮತ್ತೆ ಮುಚ್ಚಿಕೊಳ್ಳುತ್ತದೆ. ಪೊಲೀಸರು ಬಂದಾಗ ಗಂಡನ ಕೋಟನ್ನು ತೊಡಿಸಿ ನಾಯಕನನ್ನು ಪಾರು ಮಾಡುತ್ತಾಳೆ. ಅದಕ್ಕಾಗಿ ತಾನು ಏಟು ತಿನ್ನಬೇಕಾಗುತ್ತದೆಂದು ಬಲ್ಲಳು. ಆ ಕೋಟಿನ ಕಿಸೆಯಲ್ಲಿದ್ದ ಸ್ತೋತ್ರದ ಪುಸ್ತಕವೇ ಮುಂದೆ ನಾಯಕನ ಎದೆಗೆ ತಗುಲಬೇಕಾದ ಗುಂಡನ್ನು ತಡೆಯುತ್ತದೆ. ಎಲ್ಲ ಸೇರಿ ಕೆಲವೇ ನಿಮಿಷಗಳ ದೃಶ್ಯ. ಆಕೆಯ ಜೂಲಿಯೆಟ್ ಹೇಗಿದ್ದಿರಬಹುದೆಂದು ಊಹಿಸಲು ನಮಗಿರುವ ಒಂದು ಕಿರುಗಿಂಡಿ ಅದು.

೧೯೫೪ರಲ್ಲಿ ಇಬ್ಸನ್ನನ ಹೆಡಾ ಗ್ಯಾಬ್ಲರ್ ಪಾತ್ರವನ್ನು ಆಡಿ, ಆ ಪ್ರಯೋಗವನ್ನು ನಾರ್ವೆಗೂ ಒಯ್ದಾಗ, ಇಬ್ಸನ್ನನ ನಾಡಿನ ದೊರೆ ಹಾಕನ್ ಆಕೆಗೆ ಚಿನ್ನದ ಪದಕವಿತ್ತು ಗೌರವಿಸಿದರು. ೧೯೫೬ರಲ್ಲಿ ಡೇಮ್ ಪದವಿ ಬಂತು. ೧೯೬೨ರಲ್ಲಿ ಹುಟ್ಟೂರಾದ ಕ್ರಾಯ್ಡನ್‌ನಲ್ಲಿ ಆಕೆಯ ಹೆಸರಿನ ರಂಗಮಂದಿರವೇ ಏರ್ಪಟ್ಟಿತು. ಸಾಧಾರಣವಾಗಿ ಈ ಘಟ್ಟದಲ್ಲಿ ನಟಿಯರು ವಿಶ್ರಾಂತಿಯ ಕಡೆಗೆ ಮುಖ ಮಾಡುತ್ತಾರೆ. ಆಕೆ ಮಾಡಿದ್ದು ಅದಕ್ಕೆ ವಿರುದ್ಧ. ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಪೀಟರ್ ಹಾಲ್ ಸ್ಟ್ರಾಟ್‌ಫರ್ಡಿನಲ್ಲಿ ಒಂದು ಕಾಯಂ ನಟತಂಡವನ್ನು ಕಟ್ಟಬೇಕೆಂದು ಹೊರಟಾಗ, ಮುಂದೆ ರಾಯಲ್ ಶೇಕ್‌ಸ್ಪಿಯರ್ ಕಂಪನಿಯಾಗಲಿದ್ದ ಆ ಸಾಹಸಕ್ಕೆ ಮೊದಲಿಗರಾಗಿ ಕೈಗೂಡಿಸಿದ ಹಿರಿಯರಲ್ಲಿ ಆಕೆ ಒಬ್ಬರು.

೧೯೬೩ರಲ್ಲಿ ಆ ಕಂಪನಿ, ಶೇಕ್‌ಸ್ಪಿಯರನ ಆರನೆಯ ಹೆನ್ರಿಯ ನಾಟಕಗಳನ್ನೂ ‘ಮೂರನೆಯ ರಿಚರ್ಡ್’ನ್ನೂ ಕೂಡಿಸಿ ‘ವಾರ್ಸ್ ಆಫ್ ದಿ ರೋಸಸ್’ ಎಂಬ ನಾಟಕಮಾಲೆಯನ್ನು ಆಡಿತು. ಅದರಲ್ಲಿ ಪೆಗಿ ರಾಣಿ ಮಾರ್ಗರೆಟ್. ಮೊದಲು ಫ್ರಾನ್ಸಿನಿಂದ ಬರುವ ಹರೆಯದ ವಧು. ಆಮೇಲೆ ರಣರಂಗದಲ್ಲಿ ಸೈನ್ಯವನ್ನು ನಡೆಸುವ ಕ್ರೂರಿ. ಕೊನೆಗೆ ಮಗನನ್ನೂ ಗಂಡನನ್ನೂ ಕಳೆದುಕೊಂಡು ಶಾಪ ಹಾಕುತ್ತ ತಿರುಗುವ ಹಣ್ಣುಹಣ್ಣು ಮುದುಕಿ. ಆಗ ಆಕೆಯ ವಯಸ್ಸು ೫೫. ಸೆರೆಸಿಕ್ಕ ಶತ್ರುವಿನ ತಲೆಗೆ ಕಾಗದದ ಕಿರೀಟ ತೊಡಿಸಿ, ಅವನ ಎಳೆಯ ಮಗನ ನೆತ್ತರಿನಲ್ಲಿ ಅದ್ದಿದ ವಸ್ತ್ರವನ್ನು ಕಣ್ಣೊರೆಸಿಕೊಳ್ಳಲು ಕೊಡುವ ದೃಶ್ಯ ಶೇಕ್‌ಸ್ಪಿಯರನಲ್ಲಿಯೇ ಅತಿಘೋರವಾದದ್ದು. ಕೋಮಲೆಯೆಂದು ಹೆಸರಾದ ನಟಿ ಆ ಘೋರವನ್ನೂ ಹೊತ್ತರು. ನಮ್ಮ ಭಾಗ್ಯದಿಂದ ಬಿ.ಬಿ.ಸಿ. ಈ ಪ್ರಯೋಗವನ್ನು ಚಿತ್ರೀಕರಿಸಿ ೧೯೬೫ರಲ್ಲಿ ದೂರದರ್ಶನದಲ್ಲಿ ತೋರಿಸಿತು. ಆಕೆಯ ರಂಗಾಭಿನಯದ ದೊಡ್ಡ ದಾಖಲೆಯೆಂದರೆ ಇದು.

ಅರುವತ್ತೇಳರ ವಯಸ್ಸಿನಲ್ಲಿ, ೧೯೭೫ರಲ್ಲಿ, ಆಕೆ ಸ್ಯಾಮ್ಯುಯೆಲ್ ಬೆಕೆಟ್‌ನ ‘ಹ್ಯಾಪಿ ಡೇಸ್’ ನಾಟಕದ ವಿನ್ನಿ ಆದರು. ಈ ನಾಟಕದಲ್ಲಿ ನಾಯಕಿ ಮೊದಲನೆಯ ಅಂಕದಲ್ಲಿ ಸೊಂಟದವರೆಗೆ, ಎರಡನೆಯ ಅಂಕದಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತುಹೋಗಿರುತ್ತಾಳೆ. ಪಕ್ಕದಲ್ಲಿ ಒಂದು ಕೈಚೀಲ. ಅದರಲ್ಲಿ ಹಲ್ಲುಜ್ಜುವ ಬ್ರಷ್ಷು, ಕನ್ನಡಿ, ಪಿಸ್ತೂಲು. ಅವನ್ನು ತೆಗೆದು ಇಡುತ್ತ, ತನ್ನ ದಿನ ಎಷ್ಟು ಚೆನ್ನಾಗಿದೆಯೆಂದು ಸಂತಸಪಡುತ್ತ, ಅವಳು ಎಡೆಬಿಡದೆ ಮಾತನಾಡುತ್ತಾಳೆ. ಎರಡನೆಯ ಅಂಕದಲ್ಲಿ ಕೈಗಳೂ ಇಲ್ಲ. ಉಳಿದಿರುವುದು ಕಣ್ಣು, ತುಟಿ, ಧ್ವನಿ. ೧೯೭೬ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ತನ್ನ ಹೊಸ ಕಟ್ಟಡಕ್ಕೆ ಬಂದಾಗ ಅಲ್ಲಿ ಆಡಿದ ಮೊದಲ ನಾಟಕಗಳಲ್ಲಿ ಇದೂ ಒಂದು.

ಇನ್ನು ಭಾರತದ ಕಡೆಗೆ ಬರೋಣ. ಆಕೆಯ ಕೊನೆಯ ಹದಿಮೂರು ವರ್ಷಗಳಲ್ಲಿ ನಾಲ್ಕು ಸಲ ಭಾರತ ಆಕೆಯ ಪಾತ್ರಗಳಲ್ಲಿ ಬಂದಿತು. ಮೊದಲನೆಯದು ಜೇಮ್ಸ್ ಐವರಿ ಜೋಧಪುರದ ಅರಮನೆಯಲ್ಲಿ ತೆಗೆದು ೧೯೭೮ರಲ್ಲಿ ಬಿಡುಗಡೆಯಾದ ‘ಹಲ್ಲಾಬಲೂ ಓವರ್ ಜಾರ್ಜಿ ಅಂಡ್ ಬಾನೀಸ್ ಪಿಕ್ಚರ್ಸ್’. ಅಲ್ಲಿ ಆಕೆ ರಾಜಮನೆತನದ ಪುರಾತನ ಚಿತ್ರಗಳ ಮೇಲೆ ಕಣ್ಣಿಟ್ಟು ಬರುವ ಚತುರ ವೃದ್ಧೆ. ಮಹಾರಾಜನ ಪಾತ್ರದಲ್ಲಿ ವಿಕ್ಟರ್ ಬ್ಯಾನರ್ಜಿ.

ಎರಡನೆಯದು ಪಾಲ್ ಸ್ಕಾಟ್‌ನ ನಾಲ್ಕು ಕಾದಂಬರಿಗಳನ್ನು ಆಧರಿಸಿ ೧೯೮೪ರಲ್ಲಿ ಬ್ರಿಟನ್ನಿನ ದೂರದರ್ಶನದಲ್ಲಿ ೧೪ ಕಂತುಗಳಾಗಿ ಪ್ರಸಾರವಾದ ‘ದಿ ಜ್ಯುಯೆಲ್ ಇನ್ ದಿ ಕ್ರೌನ್’. ಇಲ್ಲಿ ಆಕೆ ನಿವೃತ್ತ ಮಿಷನ್ ಶಿಕ್ಷಕಿ ಬಾರ್ಬಿ ಬ್ಯಾಚಲರ್. ದೇವರ ಸೇವೆಯೆಂದು ಭಾರತಕ್ಕೆ ಬಂದು, ಮುಪ್ಪಿನಲ್ಲಿ ಬೆಟ್ಟದ ಊರೊಂದರಲ್ಲಿ ಮತ್ತೊಬ್ಬ ವೃದ್ಧೆಯ ಜೊತೆಗಾತಿಯಾಗಿ ನೆಲೆಸಿದವಳು. ಆ ಹಿರಿಯಳು ಸತ್ತೊಡನೆ ಬಾರ್ಬಿ ಬೇಡವಾದವಳಾಗುತ್ತಾಳೆ. ಅವಳ ಬದುಕಿನ ಸಾಕ್ಷ್ಯವೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿದೆ. ಅದನ್ನು ಇಡಲು ಮಾತ್ರ ಅವಳಿಗೆ ಎಲ್ಲಿಯೂ ತಾವಿಲ್ಲ. ಯಾರು ಕೇಳಲಿ ಬಿಡಲಿ, ಗಳಗಳನೆ ಮಾತನಾಡುತ್ತಲೇ ಇದ್ದ ಅವಳು ಟಾಂಗಾ ಅಪಘಾತದಲ್ಲಿ ಎಲ್ಲವನ್ನೂ ಕಳೆದುಕೊಂಡು ಕೊನೆಗೆ ಮೌನಿಯಾಗುತ್ತಾಳೆ. ಈ ಬಾರ್ಬಿಯನ್ನು ನೋಡುವಾಗ ನನಗೆ ಹೊಳೆದ ಸಂಗತಿಯಿದು: ಇವಳ ಪೆಟ್ಟಿಗೆ ವಿನ್ನಿಯ ಕೈಚೀಲವೇ ಅಲ್ಲವೇ? ಮಣ್ಣಿನಲ್ಲಿ ಹೂತುಹೋಗುತ್ತಿರುವಾಗಲೂ ಮಾತಿನಿಂದ ಬದುಕನ್ನು ಎತ್ತಿಹಿಡಿಯಲು ಹೆಣಗಿದ ವಿನ್ನಿಯ ಉಸಿರಾಟವೇ ಇವಳ ಮಾತಿನಲ್ಲೂ ಇದೆ. ರಂಗದ ಮೇಲೆ ಮುಗಿದುಹೋಯಿತೆಂದುಕೊಂಡಿದ್ದ ಪಾತ್ರ ಇನ್ನೊಂದು ಹೆಸರಿನಲ್ಲಿ ಉಳಿದುಕೊಂಡಿದೆ.

ಮೂರನೆಯದೇ ಮಿಸೆಸ್ ಮೂರ್. ಭಾರತದಲ್ಲಿ ತಿಂಗಳುಗಟ್ಟಲೆ ಚಿತ್ರೀಕರಣ ಮುಗಿಸಿ ಊರಿಗೆ ಮರಳಿದ್ದ ಆಕೆಗೆ ಮತ್ತೊಮ್ಮೆ ಹೊರಡುವ ಉತ್ಸಾಹವಿರಲಿಲ್ಲ. ತನಗೆ ಎಪ್ಪತ್ತೈದಾಯಿತೆಂದು ಆಕೆ ಹಿಂಜರಿದಾಗ, ತನಗೂ ಅಷ್ಟೇ ಎಂದು ಡೇವಿಡ್ ಲೀನ್ ಉತ್ತರಿಸಿದರೆಂಬುದು ಪ್ರಸಿದ್ಧವಾದ ಮಾತು. ಡಾಕ್ಟರ್ ಅಜೀಜ್ ಪಾತ್ರಕ್ಕೆ ಬಂದವರು ಜೋಧಪುರದ ಮಹಾರಾಜನಾಗಿದ್ದ ಅದೇ ವಿಕ್ಟರ್ ಬ್ಯಾನರ್ಜಿ.

ರಾತ್ರಿಯ ಮಸೀದಿಯಲ್ಲಿ ಅಜೀಜನಿಗೂ ಮಿಸೆಸ್ ಮೂರಳಿಗೂ ಮೊದಲ ಭೇಟಿಯಾಗುವ ದೃಶ್ಯವನ್ನು ನೆನಪಿಸಿಕೊಳ್ಳಿ. ಪರಕೀಯ ಹೆಂಗಸು ಪಾದರಕ್ಷೆ ಸಹಿತ ಒಳಗೆ ಬಂದಳೆಂದು ಅವನು ಗದರುತ್ತಾನೆ. ಅವಳು ಅದನ್ನು ಆಗಲೇ ಕಳಚಿಟ್ಟು ಬಂದಿರುತ್ತಾಳೆ. ದೇವರ ಸನ್ನಿಧಿಗೆ ಬರಿಗಾಲಿನಲ್ಲಿ ಹೋಗಬೇಕೆಂಬುದು ನಮಗೆ ಹುಟ್ಟಿನಿಂದ ಬಂದ ನಡತೆ; ಆ ಇಂಗ್ಲಿಷ್ ಮುದುಕಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪೆಗಿ ಈ ಸಂಗತಿಯನ್ನು ಒಂದು ದೊಡ್ಡ ಔದಾರ್ಯವೆಂಬಂತೆ ಆಡಿ ತೋರಿಸುವುದಿಲ್ಲ. ಅದರಲ್ಲಿ ಹೇಳುವುದೇನಿದೆ ಎಂಬಷ್ಟು ಸರಳವಾಗಿ ನುಡಿದು, ಎದುರಿನವನ ಮಾತಿಗೆ ಕಿವಿಗೊಡುತ್ತಾರೆ. ಇಬ್ಬರು ರೋಮಿಯೊಗಳ ಮಾತನ್ನು ಕೇಳಿ ಪಳಗಿದ ಕಿವಿ ಅದು. ಗುಹೆಯಿಂದ ಹೊರಬಂದ ಮೇಲಿನ ಮೌನದಲ್ಲಿ, ಅಗುಳಿ ಹಾಕಿ ಮೆಟ್ಟಿಲೇರಿದ ಕ್ಯಾಥರೀನಳಿದ್ದಾಳೆ. ಮಗನ ಮಾತಿಗೆ ಮರುಳಾಗದ ನಿಷ್ಠುರದಲ್ಲಿ ರಾಣಿ ಮಾರ್ಗರೆಟ್ ಒಂದಿಷ್ಟು ಇಣುಕುತ್ತಾಳೆ.

ಚಿತ್ರದಲ್ಲಿ ಮಿಸೆಸ್ ಮೂರ್ ರೈಲಿನಲ್ಲಿ ಹೊರಟುಹೋಗುವಾಗ, ಕತ್ತಲಲ್ಲಿ ನಿಂತು ಅವಳಿಗೆ ನಮಸ್ಕರಿಸಿ ಬೀಳ್ಕೊಡುವವನು ಪ್ರೊಫೆಸರ್ ಗೋಡಬೋಲೆ. ಆ ಪಾತ್ರಧಾರಿ ಅಲೆಕ್ ಗಿನ್ನೆಸ್. ಒಬ್ಬ ಇಂಗ್ಲಿಷ್ ನಟ ಬ್ರಾಹ್ಮಣ ಪಂಡಿತನ ವೇಷ ಹಾಕಿದ್ದು ಅಂದೇ ಹಲವರಿಗೆ ಸರಿದೋರಲಿಲ್ಲ; ನನಗೂ ಅದು ಒಪ್ಪಿಗೆಯಾಗಿಲ್ಲ. ಆದರೆ ಆ ಒಂದು ಗಳಿಗೆಯಲ್ಲಿ, ೧೯೩೫ರ ಆ ಔಷಧಗಾರ ೧೯೩೫ರ ಆ ಜೂಲಿಯೆಟ್‌ಗೆ ನಮ್ಮ ದೇಶದ ಒಂದು ರೈಲು ಹಳಿಯ ಬಳಿ ವಿದಾಯ ಹೇಳುತ್ತಿದ್ದಾನೆಂದು ತಿಳಿದು ನೋಡಿದರೆ ಮನಸ್ಸು ಕರಗದಿರದು.

೧೯೮೫ರ ಮಾರ್ಚ್ ತಿಂಗಳಲ್ಲಿ ಆ ಪಾತ್ರಕ್ಕೆ ಶ್ರೇಷ್ಠ ಪೋಷಕ ನಟಿಯೆಂದು ಆಸ್ಕರ್ ಬಂತು. ಆಗ ಆಕೆಗೆ ೭೭ ವರ್ಷ. ಸಮಾರಂಭಕ್ಕೆ ಆಕೆ ಹೋಗಿರಲಿಲ್ಲ. ಪರವಾಗಿ ಪ್ರಶಸ್ತಿಯನ್ನು ಸ್ವೀಕರಿಸಿದವರು ಏಂಜೆಲಾ ಲ್ಯಾನ್ಸ್‌ಬರಿ. ಅದೇ ಪಾತ್ರಕ್ಕೆ ಬ್ರಿಟಿಷ್ ಅಕಾಡೆಮಿ ಕೊಟ್ಟದ್ದು ಶ್ರೇಷ್ಠ ನಟಿಯ ಪ್ರಶಸ್ತಿಯನ್ನು. ಒಂದೇ ಪಾತ್ರ ಅಲ್ಲಿ ಪೋಷಕ, ಇಲ್ಲಿ ಪ್ರಧಾನ. ತಂಡದಲ್ಲಿ ಮೇಲು ಕೀಳಿನ ಪಂಕ್ತಿಯೇ ಇರಬಾರದೆಂದು ನಂಬಿದ್ದ ನಟಿಗೆ ಈ ಗೊಂದಲ ಒಪ್ಪುವಂಥದ್ದೇ.

ನಾಲ್ಕನೆಯ ಪಾತ್ರವನ್ನು ಯಾರೂ ಕಣ್ಣಿನಿಂದ ನೋಡಲಿಲ್ಲ. ಟಾಮ್ ಸ್ಟಾಪರ್ಡ್ ಬಿ.ಬಿ.ಸಿ. ರೇಡಿಯೋಗಾಗಿ ಬರೆದ ‘ಇನ್ ದಿ ನೇಟಿವ್ ಸ್ಟೇಟ್’ ನಾಟಕ ೧೯೯೧ರ ಏಪ್ರಿಲಿನಲ್ಲಿ ಪ್ರಸಾರವಾಯಿತು. ೧೯೩೦ರಲ್ಲಿ ಒಂದು ದೇಶೀ ಸಂಸ್ಥಾನಕ್ಕೆ ಬಂದ ಇಂಗ್ಲಿಷ್ ಕವಯಿತ್ರಿಯ ಕಥೆ ಅದು. ಅವಳನ್ನು ಮುಪ್ಪಿನಲ್ಲಿ ನೆನೆಯುವ ತಂಗಿ ಮಿಸೆಸ್ ಸ್ವಾನ್‌ಳ ಧ್ವನಿ ಪೆಗಿಯದು. ಅದೇ ಆಕೆಯ ಕೊನೆಯ ಅಭಿನಯ. ೧೯೯೧ರ ಜೂನ್ ೧೪ರಂದು ಆಕೆ ತೀರಿಕೊಂಡರು. ಶೇಕ್‌ಸ್ಪಿಯರ್ ಬಾಳಿದ ಸ್ಟ್ರಾಟ್‌ಫರ್ಡಿನ ತೋಟದಲ್ಲಿ ಆಕೆಯೇ ಹಿಂದೆ ನೆಟ್ಟಿದ್ದ ಒಂದು ಹಿಪ್ಪುನೇರಳೆ ಮರದ ಸುತ್ತ ಚಿತಾಭಸ್ಮವನ್ನು ಚೆಲ್ಲಲಾಯಿತು. ರೇಷ್ಮೆಯ ಸೀಮೆಯಾದ ರಾಮನಗರದ ಕಡೆಯವರಿಗೆ ಹಿಪ್ಪುನೇರಳೆಯ ಹೆಸರು ಕೇಳಿದರೆ ಆಕೆ ನೆರೆಯವರಂತೆ ತೋರಿದರೆ ಆಶ್ಚರ್ಯವಿಲ್ಲ.

ನಾನು ಮೊದಲು ಎತ್ತಿದ ಪ್ರಶ್ನೆಗೆ ಮರಳುತ್ತೇನೆ. ರಂಗನಟಿ ಹೋದರೆ ಉಳಿಯುವುದೇನು? ಪೆಗಿಯ ಜೂಲಿಯೆಟ್ ಹೋದಳು, ಡೆಸ್ಡಿಮೋನಾ ಹೋದಳು. ಅವರನ್ನು ಯಾವ ಯಂತ್ರವೂ ಮರಳಿ ತರಲಾರದು. ಆದರೆ ಆ ಪಾತ್ರಗಳು ಆಕೆಯಲ್ಲಿ ಕೂಡಿಸಿಟ್ಟದ್ದು ಹೋಗಲಿಲ್ಲ. ಅರ್ಧ ಶತಮಾನದ ದುಡಿಮೆಯೆಲ್ಲ ಒಂದೆಡೆ ನೆಲೆಗೊಂಡು, ಕೊನೆಗೆ ಕ್ಯಾಮೆರಾ ಹತ್ತಿರ ಬಂದಾಗ ಒಂದು ಮುದುಕಿಯ ಮುಖದಲ್ಲಿ ಕಾಣಿಸಿಕೊಂಡಿತು. ಕಳೆದುಹೋದ ನಾಟಕಗಳನ್ನು ಆ ಮುಖದಲ್ಲಿ ಓದಲು ನಾವು ಸ್ವಲ್ಪ ಕಲಿಯಬೇಕು, ಅಷ್ಟೆ.

ನಮ್ಮೂರಿನ ಚಂದ್ರಮತಿಗೆ ಆ ಭಾಗ್ಯ ಒದಗಲಿಲ್ಲ. ಅವಳ ಹತ್ತಿರಕ್ಕೆ ಯಾವ ಕ್ಯಾಮೆರಾವೂ ಬರಲಿಲ್ಲ. ಆದುದರಿಂದಲೇ ಈ ಭಾಷಣವನ್ನು ಅವಳ ಸೆರಗಿನ ತುದಿಯಿಂದ ಆರಂಭಿಸಿದೆ. ತಮ್ಮಲ್ಲಿ ಯಾರ ನೆನಪಿನಲ್ಲಾದರೂ ಇಂಥ 한ಬ್ಬ ನಟಿ ಇದ್ದರೆ, ಅವಳು ಏನು ಮಾಡಿದಳು, ಹೇಗೆ ಮಾಡಿದಳು ಎಂಬುದನ್ನು ಮನೆಯ ಮಕ್ಕಳಿಗೆ ಒಮ್ಮೆ ಹೇಳಿ; ಸಾಧ್ಯವಾದರೆ ಬರೆದಿಡಿ.